ಸೂಜಿಯ ಕೆಳಗಿನ ಲಾಳ

ನಮ್ಮ ಮನೆಗೆ ದಿಕ್ಸೂಚಿ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ತಂಗಿ ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, ಕೋಳಿಮರಿ ತರುವವಳ ಹಾಗೆ, ಮುಳಬಾಗಿಲಿನ ಹೈಸ್ಕೂಲಿನಿಂದ ನಮ್ಮ ಹಳ್ಳಿಯವರೆಗೆ ನಡೆದು ಬಂದಿದ್ದಳು. ನಾನು ರೇಷ್ಮೆಹುಳುವಿನ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆ.

"ಅಕ್ಕ, ಕೈ ತೊಳ್ಕೊಂಡು ಬಾರೇ. ಒಂದು ತೋರಿಸ್ತೀನಿ."

ಅಂಗೈಯಗಲದ ಹಿತ್ತಾಳೆಯ ಡಬ್ಬಿ. ಮೇಲೆ ಗಾಜು, ಒಳಗೆ ತೆಳ್ಳನೆಯ ಸೂಜಿ, ಸೂಜಿಯ ಒಂದು ತುದಿಗೆ ಕೆಂಪು ಬಣ್ಣ. ಡಬ್ಬಿಯನ್ನು ಎತ್ತ ತಿರುಗಿಸಿದರೂ ಆ ಕೆಂಪು ತುದಿ ನಡುಗಿ ನಡುಗಿ ಕೊನೆಗೆ ನಮ್ಮ ಹಿತ್ತಲಿನ ಬೇವಿನ ಮರದ ಕಡೆಗೇ ನಿಲ್ಲುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಏಮೇ, ಅದ್ರೊಳಗೆ ಜೀವ ಐತಾ?" ಎಂದಳು. ಹತ್ತಿರ ಮಾತ್ರ ಬರಲಿಲ್ಲ.

ಆ ಡಬ್ಬಿಯ ಮೇಲೆ ತಂಗಿಯ ಓದು ನಿಂತಿತ್ತು. ಅವಳು ಒಂಬತ್ತನೇ ಕ್ಲಾಸು. ಮೂರು ತಿಂಗಳ ಹಿಂದೆಯಷ್ಟೇ ದೊಡ್ಡವಳಾಗಿದ್ದಳು. ಅದಾದ ಮೇಲೆ ಹುಡುಗಿಯರನ್ನು ಸ್ಕೂಲು ಬಿಡಿಸುವುದು ನಮ್ಮಲ್ಲಿ ಯಾರೂ ಕೂತು ಯೋಚಿಸುವ ವಿಷಯವಾಗಿರಲಿಲ್ಲ. ನನ್ನನ್ನು ಅದಕ್ಕೂ ಬಹಳ ಮೊದಲೇ, ನಾಲ್ಕನೇ ಕ್ಲಾಸಿಗೇ ಬಿಡಿಸಿದ್ದರು, ಇದೇ ತಂಗಿಯನ್ನು ಎತ್ತಿ ಆಡಿಸುವುದಕ್ಕೆ. ಆದರೆ ಅವಳ ಸ್ಕೂಲಿನ ಡ್ರಿಲ್ ಮೇಡಂ ಬಿಸಿಲಲ್ಲಿ ನಡೆದು ನಮ್ಮ ಮನೆಗೆ ಬಂದರು. ಕೋಲಾರದಲ್ಲಿ ದೊಡ್ಡ ಕ್ಯಾಂಪು ಆಗುತ್ತದೆ, ಈ ಸ್ಕೂಲಿನಿಂದ ಇಬ್ಬರು ಹುಡುಗಿಯರನ್ನು ಕಳಿಸುತ್ತೇವೆ, ಹಾಗೆ ಹೋದವರಿಗೆ ಕೋಲಾರದ ಹಾಸ್ಟೆಲಿನಲ್ಲಿ ಸೀಟು ಸಿಗುತ್ತದೆ, ಊಟ ವಸತಿ ಎಲ್ಲ ಅವರದೇ ಎಂದರು. ದಿಕ್ಸೂಚಿ ಹಿಡಿದು ಗೊತ್ತಿಲ್ಲದ ಜಾಗದಲ್ಲಿ ಒಬ್ಬಳೇ ನಡೆದು ಹೇಳಿದ ಕಡೆ ಮುಟ್ಟಬೇಕು, ಅದೇ ಪರೀಕ್ಷೆ.

ಅಪ್ಪ ಬಹಳ ಹೊತ್ತು ಬಾಯಲ್ಲಿದ್ದ ಎಲೆ ಅಗಿದು ಹೇಳಿದ್ದು ಇಷ್ಟು: "ಆರಿಸಿದ್ರೆ ಓದ್ಲಿ. ಇಲ್ದಿದ್ರೆ ಮನೇಗೆ ಬರ್ಲಿ. ಆಮ್ಯಾಕೆ ನನ್ನನ್ನ ಕೇಳಂಗಿಲ್ಲ."

ಆ ಒಂದು ವಾರ ತಂಗಿ ಸಾಯಂಕಾಲವೆಲ್ಲ ಕಣದಲ್ಲಿ ಅಭ್ಯಾಸ ಮಾಡಿದಳು. ನೋಡುತ್ತಾ ನೋಡುತ್ತಾ ನಾನೂ ಕಲಿತೆ. ಡಬ್ಬಿಯ ಅಂಚಿನಲ್ಲಿ ಅಂಕಿಗಳಿವೆ. ಮೇಡಂ ಹೇಳಿದ ಅಂಕಿಯನ್ನು ಮುಂದಿನ ಗೆರೆಗೆ ತಂದು, ಡಬ್ಬಿಯನ್ನು ಎದೆಯ ಮಟ್ಟಕ್ಕೆ ಹಿಡಿಯಬೇಕು. ಸೂಜಿ ತನ್ನ ಗುರುತಿಗೆ ಬರುವವರೆಗೂ ನಾವೇ ಮೈ ತಿರುಗಿಸಬೇಕು. ಬಂದ ಕೂಡಲೇ ನೆಟ್ಟಗೆ ಎದುರಿಗೆ ಕಾಣುವ ಮರವನ್ನೋ ಬಂಡೆಯನ್ನೋ ಕಣ್ಣಲ್ಲಿ ಹಿಡಿದುಕೊಂಡು ಅಲ್ಲಿಗೆ ನಡೆಯಬೇಕು. ಅಲ್ಲಿ ನಿಂತು ಮತ್ತೆ ನೋಡಬೇಕು. ನಾನು ಕಣದ ಈ ಮೂಲೆಯಿಂದ ಹುಣಿಸೆಮರಕ್ಕೆ ತಪ್ಪದೆ ಮುಟ್ಟಿದಾಗ ತಂಗಿ ಚಪ್ಪಾಳೆ ತಟ್ಟಿ, "ಅಕ್ಕ, ನಿನ್ನನ್ನೇ ಕ್ಯಾಂಪಿಗೆ ಕಳಿಸ್ಬೇಕು ಕಣೇ" ಎಂದಳು. ಹುಣಿಸೆಮರ ಕಣ್ಣೆದುರೇ ಇತ್ತು. ಆದರೂ ನನಗೆ ಖುಷಿಯಾಯಿತು.

ಒಂದು ಸಾಯಂಕಾಲ ನಾನು ಸೊಪ್ಪು ಕೊಯ್ದು, ಕುಡುಗೋಲು ಕೈಯಲ್ಲೇ ಇರುವಾಗ ಡಬ್ಬಿಯನ್ನು ನೋಡಲು ಬಗ್ಗಿದೆ. ಸೂಜಿ ಬೇವಿನ ಮರವನ್ನು ಬಿಟ್ಟು ಸರಕ್ಕನೆ ನನ್ನ ಕಡೆ ತಿರುಗಿತು.

"ಅಯ್ಯೋ, ಕುಡುಗೋಲು ದೂರ ಇಡೇ! ಅದಕ್ಕೆ ಕಬ್ಬಿಣ ಕಂಡ್ರೆ ಆಯ್ತು. ಆ ಕಡೆ ಓಡ್ತೈತೆ. ಮೇಡಂ ಪಿನ್ನು ಕೂಡ ಹಾಕ್ಕೋಬೇಡಿ ಅಂದವ್ರೆ."

ಇದನ್ನು ನನಗೆ ಯಾರೂ ಹೇಳಿರಲಿಲ್ಲ ಎಂದು ನಾನು ಯಾವತ್ತೂ ಹೇಳುವಂತಿಲ್ಲ. ನಾನೇ ಕಣ್ಣಾರೆ ನೋಡಿದ್ದೆ.

ಪರೀಕ್ಷೆಯ ಹಿಂದಿನ ದಿನ ಅಮ್ಮ ಊಟ ಬಿಟ್ಟಳು. ದೊಡ್ಡವಳಾದ ಹುಡುಗಿ, ವರ್ಷ ತುಂಬಿಲ್ಲ, ಮಟಮಟ ಮಧ್ಯಾಹ್ನ ಬಂಡೆಗಳ ನಡುವೆ ಒಬ್ಬಳೇ ತಿರುಗುತ್ತಾಳೆ. ನಮ್ಮ ಕಡೆ ಅಂಥ ಹುಡುಗಿ ಹಿತ್ತಲಿಗೆ ಹೋದರೂ ಸೊಂಟದಲ್ಲಿ ಕಬ್ಬಿಣದ ಚೂರು ಸಿಕ್ಕಿಸಿಕೊಂಡೇ ಹೋಗಬೇಕು. ಕಬ್ಬಿಣವಿದ್ದರೆ ಗಾಳಿ ಸೋಕುವುದಿಲ್ಲ. ನಮ್ಮ ಚಿಕ್ಕಮ್ಮ ಹಾಗೆ ಬರಿಗೈಯಲ್ಲಿ ಕೆರೆಗೆ ಹೋಗಿ ಬಂದು ಜ್ವರ ಹಿಡಿದು, ಆಮೇಲೆ ಸಾಯುವವರೆಗೂ ಸರಿಯಾಗಿ ಮಾತಾಡಲಿಲ್ಲ. ಅದನ್ನು ಕಂಡವಳು ಅಮ್ಮ. ತಂಗಿ ಆ ಮೂರು ತಿಂಗಳೂ ಒಂದು ದೊಡ್ಡ ಮೊಳೆ ಇಟ್ಟುಕೊಂಡಿದ್ದಳು. ಈಗ ಅದನ್ನು ತೆಗೆದು ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟಳು.

"ನಾಳೆ ಒಂದಿನ ಬೇಡಮ್ಮ. ಸೂಜಿ ಕೆಡ್ತೈತೆ."

"ಸೂಜಿ ಕೆಟ್ರೆ ಕೆಡ್ಲಿ. ನೀನು ಕೆಟ್ರೆ?"

"ಅಮ್ಮ, ಅಪ್ಪನ ಮಾತು ಕೇಳಿದ್ಯೋ ಇಲ್ವೋ ನೀನು?"

ಅಮ್ಮ ನನ್ನನ್ನು ಹಿತ್ತಲಿಗೆ ಕರೆದು ಸೆರಗಿನಿಂದ ಒಂದು ಚೂರು ತೆಗೆದು ಅಂಗೈಯಲ್ಲಿಟ್ಟಳು. ಎತ್ತಿನ ಕಾಲಿನ ಲಾಳ, ಸವೆದು ಅರ್ಧ ಮುರಿದದ್ದು. "ಎಲ್ಲಾದ್ರೂ ಸೇರಿಸಿಬಿಡು. ಅವ್ಳಿಗೆ ಗೊತ್ತಾಗಬಾರ್ದು. ಅವ್ಳಿಗೇನಾದ್ರೂ ಆದ್ರೆ ನಾನು ನಿನ್ನನ್ನೇ ಕೇಳೋದು."

ನಾನು ಆಗಲೇ ಡಬ್ಬಿಗೆ ಒಂದು ಚೀಲ ಹೊಲಿಯುತ್ತಿದ್ದೆ. ಗಾಜು ಒಡೆಯಬಾರದೆಂದು ಹಳೆಯ ಕೌದಿಯ ಬಟ್ಟೆಯನ್ನು ನಾಲ್ಕು ಪದರ ಮಾಡಿ, ದಿಂಬಿನ ಹಾಗೆ ಮೆತ್ತಗೆ ಮಾಡಿದ್ದೆ. ಕುತ್ತಿಗೆಗೆ ಹಾಕಿಕೊಳ್ಳಲು ದಾರ, ಡಬ್ಬಿ ಬೀಳದ ಹಾಗೆ ಚೀಲಕ್ಕೇ ಕಟ್ಟಲು ಇನ್ನೊಂದು ದಾರ. ಆ ಪದರಗಳ ನಡುವೆ ಲಾಳ ಇಟ್ಟು ಹೊಲಿದೆ. ಹೊಲಿಯುವಾಗ ಕುಡುಗೋಲಿನ ಸಂಗತಿ ನೆನಪಿಗೆ ಬಂತು. ಕುಡುಗೋಲು ದೊಡ್ಡದು, ಇದು ಚಿಕ್ಕದು ಎಂದುಕೊಂಡೆ. ಬಟ್ಟೆಯ ಮಧ್ಯೆ ಇರುವುದು ಸೂಜಿಗೆ ಹೇಗೆ ಗೊತ್ತಾಗುತ್ತದೆ ಎಂದುಕೊಂಡೆ. ಒಂದು ಸಲ ಡಬ್ಬಿಯನ್ನು ಚೀಲದ ಮೇಲಿಟ್ಟು ನೋಡಿದ್ದರೆ ತಿಳಿದುಹೋಗುತ್ತಿತ್ತು. ಡಬ್ಬಿ ಗೂಡಿನಲ್ಲೇ, ಕೈಗೆಟುಕುವ ಹಾಗೆ ಇತ್ತು. ನೋಡಲು ಹೆದರಿ ನೋಡಲಿಲ್ಲ.

ಬೆಳಿಗ್ಗೆ ತಂಗಿ ಚೀಲವನ್ನು ಕೊರಳಿಗೆ ಹಾಕಿಕೊಂಡು, "ಇದ್ಯಾಕೆ ಇಷ್ಟು ಭಾರ?" ಎಂದಳು.

"ನಾಲ್ಕು ಪದರ ಬಟ್ಟೆ ಕಣೇ. ಬಿದ್ರೂ ಗಾಜಿಗೆ ಏನೂ ಆಗಲ್ಲ."

ಅವಳು ಚೀಲದ ಮೇಲೆ ಕೈಯಾಡಿಸಿ, "ಚೆನ್ನಾಗಿ ಹೊಲಿದಿದೀಯ" ಎಂದಳು.

ಒಬ್ಬಳನ್ನೇ ಕಳಿಸಲಾರೆ ಎಂದು ಅಮ್ಮ ನನ್ನನ್ನೂ ಜೊತೆಗೆ ಕಳಿಸಿದಳು. ಆಂಧ್ರದ ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸು ಇಳಿದು ಸ್ವಲ್ಪ ದೂರ ನಡೆದರೆ ನೀಲಗಿರಿ ತೋಪು. ಸರ್ಕಾರದವರು ಹೊಸದಾಗಿ ನೆಟ್ಟದ್ದು. ಎತ್ತ ನೋಡಿದರೂ ಒಂದೇ ದಪ್ಪದ, ಒಂದೇ ಬಣ್ಣದ ಮರಗಳು, ನಡುನಡುವೆ ಆನೆಯಂಥ ಬಂಡೆಗಳು. ಮೇಡಂ ತೋಪಿನ ಆಚೆ, ಬಂಡೆಯ ಮೇಲಿನ ನೀರಿನ ದೊಣೆಯ ಹತ್ತಿರ ಕಾಯುತ್ತಿದ್ದರು. ಹೊರಡುವ ಕಡೆ ಸ್ಕೂಲಿನ ವಯಸ್ಸಾದ ಜವಾನ ಕೂತಿದ್ದ. ಹುಡುಗಿಯರು ಒಬ್ಬೊಬ್ಬರಾಗಿ ಹೋಗಬೇಕು. ಇದ್ದದ್ದು ಎರಡು ದಿಕ್ಸೂಚಿ. ಒಂದು ತಂಗಿಯ ಹತ್ತಿರ, ಇನ್ನೊಂದು ಪೇಟೆಯ ಹುಡುಗಿಯ ಹತ್ತಿರ. ಉಳಿದವರು ಆಮೇಲೆ.

ಪೇಟೆಯ ಹುಡುಗಿಯರೆಲ್ಲ ಪುರೋಹಿತರ, ಶಾನುಭೋಗರ ಮನೆಯವರು. ಬೂಟು ಹಾಕಿದ್ದರು. ಅವರಲ್ಲಿ ಒಬ್ಬಳು ನನ್ನನ್ನು ನೋಡಿ, "ಏನೇ, ನಿಮ್ಮಕ್ಕ ನಿನ್ನನ್ನ ಕಂಕುಳಲ್ಲಿ ಎತ್ಕೊಂಡು ಹೋಗಕ್ಕೆ ಬಂದವಳಾ?" ಎಂದು ತಂಗಿಯನ್ನು ಕೇಳಿದಳು. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. "ಹೂಂ, ನಿನಗೆ ಕಾಲು ನೋವು ಬಂದ್ರೆ ನಿನ್ನನ್ನೂ ಎತ್ಕೋತಾಳೆ, ಬಾ" ಎಂದಳು.

ಜವಾನ ಮೊದಲು ನಡೆಯಬೇಕಾದ ಅಂಕಿ ಎಂಬತ್ತು ಎಂದ. ಅಂದರೆ ಹೆಚ್ಚುಕಡಿಮೆ ಪೂರ್ವ. ತಂಗಿ ಚೀಲವನ್ನು ಅಂಗೈಯ ಮೇಲೆ ದಿಂಬಿನ ಹಾಗೆ ಹರಡಿ, ಅದರ ಮೇಲೆ ಡಬ್ಬಿ ಇಟ್ಟು, ಎದೆಯ ಮಟ್ಟಕ್ಕೆ ಹಿಡಿದು ನಿಧಾನವಾಗಿ ತಿರುಗಿದಳು. ತಿರುಗಿ ನಿಂತವಳು ಒಮ್ಮೆ ತಲೆಯೆತ್ತಿ ಸೂರ್ಯನನ್ನು ನೋಡಿದಳು. ಹುಬ್ಬು ಗಂಟಿಕ್ಕಿತು. ಮತ್ತೆ ಡಬ್ಬಿ ನೋಡಿದಳು. ಆಮೇಲೆ ನಡೆದಳು. ಎದುರಿಗಿದ್ದ ದೊಡ್ಡ ಗುಂಡುಕಲ್ಲಿನ ಎಡಗಡೆಯಿಂದ ಹಾದು ಮರಗಳಲ್ಲಿ ಮರೆಯಾದಳು.

ಹೋದಳು, ಸರಿಯಾಗಿಯೇ ಹೋಗಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಎರಡನೆಯ ಹುಡುಗಿ ಅದೇ ಜಾಗದಲ್ಲಿ ನಿಂತಳು. ಜವಾನ ಅದೇ ಎಂಬತ್ತು ಹೇಳಿದ. ಅವಳು ಡಬ್ಬಿ ಹಿಡಿದು ತಿರುಗಿ, ನಡೆದು, ಅದೇ ಗುಂಡಿನ ಬಲಗಡೆಯಿಂದ ಹೋದಳು. ಬಲಗಡೆ ಎಂದರೆ ಅಂಚಿಗಲ್ಲ, ಬಹಳ ದೂರ ಬಲಕ್ಕೆ.

ಆಗ ನನಗೆ ತಿಳಿಯಿತು. ತಿಳಿದಿಲ್ಲ ಎನ್ನಲು ಇನ್ನು ಜಾಗವೇ ಉಳಿದಿರಲಿಲ್ಲ.

ತಂಗಿ ಹೋಗಿ ಬಹಳ ಹೊತ್ತಾಗಿರಲಿಲ್ಲ. ಓಡಿದ್ದರೆ ಸಿಗುತ್ತಿದ್ದಳು, ಕೂಗಿದ್ದರೂ ಕೇಳುತ್ತಿತ್ತೇನೋ. ಜವಾನನಿಗೆ ಹೇಳಿದ್ದರೆ ಬೈದಾದರೂ ಓಡುತ್ತಿದ್ದ. ಎದ್ದು ನಿಂತೆ. "ಯಾಕಮ್ಮ?" ಎಂದ ಅವನು. ಹುಡುಗಿಯರು ನನ್ನ ಕಡೆ ತಿರುಗಿದರು. ಚೀಲದಲ್ಲಿ ಎತ್ತಿನ ಲಾಳ ಇದೆ, ನಮ್ಮಮ್ಮ ಗಾಳಿ ಸೋಕಬಾರದೆಂದು ಇಡಿಸಿದಳು, ನಾನು ಹೊಲಿದೆ. ಆ ಬೂಟು ಹಾಕಿದ ಹುಡುಗಿಯರ ಮುಂದೆ ಈ ಮಾತು ಆಡಬೇಕಿತ್ತು. ದೊಡ್ಡವಳಾದ ಸಂಗತಿಯನ್ನು ಆ ಗಂಡಸಿನ ಮುಂದೆ ತೆಗೆಯಬೇಕಿತ್ತು. ನಾಳೆಯಿಂದ ಸ್ಕೂಲಿನಲ್ಲಿ ತಂಗಿಯನ್ನು ಲಾಳ ಎಂದೇ ಕರೆಯುತ್ತಾರೆ ಎಂದುಕೊಂಡೆ.

"ಏನಿಲ್ಲ, ನೀರು ಕುಡೀಬೇಕಾಗಿತ್ತು" ಎಂದೆ.

ಇನ್ನೊಂದು ಮಾತು ಇದುವರೆಗೂ ಯಾರಿಗೂ ಹೇಳಿಲ್ಲ. ಅವಳು ಕೋಲಾರದ ಹಾಸ್ಟೆಲಿಗೆ ಹೋದರೆ ಹುಳುಮನೆಯಲ್ಲಿ ನಾನೊಬ್ಬಳೇ. ಆ ವಾರವೆಲ್ಲ ಈ ಯೋಚನೆ ನನ್ನ ಹಿಂದೆ ಹಿಂದೆಯೇ ತಿರುಗುತ್ತಿತ್ತು. ಲಾಳ ಹೊಲಿದದ್ದು ಅದಕ್ಕಲ್ಲ, ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಬಾಯಿ ಮುಚ್ಚಿಕೊಂಡದ್ದು ಅದಕ್ಕಲ್ಲ ಎಂದು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಹೊತ್ತು ನೆತ್ತಿಗೆ ಬಂತು. ಎರಡನೆಯವಳು ಮುಟ್ಟಿದಳೆಂದು ದೊಣೆಯ ಕಡೆಯಿಂದ ಪೀಪಿ ಊದಿದರು. ಆಮೇಲೆ ಮೇಡಂ ತಾವೇ ತೋಪು ದಾಟಿ ಬಂದರು. ಮುಖ ಕೆಂಪಾಗಿತ್ತು. "ಮೊದಲು ಹೋದೋಳು ಎಲ್ಲಿ?"

ಎಲ್ಲರೂ ಹುಡುಕಲು ಹೊರಟರು. ಗುಂಡಿನ ಎಡಗಡೆ ನೋಡಿ ಎಂದು ನಾನು ಕೂಗಿಕೂಗಿ ಹೇಳಿದೆ. ಯಾಕೆ ಎಂದು ಮಾತ್ರ ಹೇಳಲಿಲ್ಲ. ಬಿಸಿಲಿಗೆ ನೀಲಗಿರಿ ಎಲೆಯ ವಾಸನೆ ಗಂಟಲಲ್ಲಿ ಕೂತಿತ್ತು. ಒಂದೊಂದು ಬಂಡೆಯ ಹಿಂದೆ ಬಗ್ಗಿ ನೋಡುವಾಗಲೂ ಅವಳು ಅಲ್ಲಿ ಬಿದ್ದಿರುವ ಹಾಗೆ ಮೊದಲೇ ಕಾಣುತ್ತಿತ್ತು. ಬಾವಿಯೊಂದು ಸಿಕ್ಕಿತು, ಕಟ್ಟೆಯಿಲ್ಲದ ಬಾವಿ. ಅದರೊಳಗೆ ನೋಡಲು ನನ್ನಿಂದ ಆಗಲಿಲ್ಲ. ಜವಾನನೇ ನೋಡಿ ಬಂದು, "ನೀಳ್ಳು ಕೂಡ ಇಲ್ಲಮ್ಮ, ಒಣಗೈತೆ" ಎಂದ. ಅವನೂ ಹೆದರಿದ್ದ. ನೀರು ಎನ್ನಲು ತೆಲುಗಿನ ನೀಳ್ಳು ಬಾಯಿಗೆ ಬಂದಿತ್ತು.

ಬಿಸಿಲು ಇಳಿದ ಮೇಲೆ ಒಬ್ಬ ಮೇಕೆ ಕಾಯುವ ಮುದುಕಿ ಅವಳನ್ನು ಕೈಹಿಡಿದು ಕರೆತಂದಳು. ನಿಮ್ಮ ಮಗುವೇನಮ್ಮ ಎಂದು ತೆಲುಗಿನಲ್ಲಿ ಕೇಳುತ್ತಾ, ಗಡಿಯ ಆಚೆಯ ಹಳ್ಳಿಯ ಹತ್ತಿರ ಸಿಕ್ಕಳೆಂದಳು. ತಂಗಿಯ ಕಾಲೆಲ್ಲ ಮುಳ್ಳು ಗೀರಿ ರಕ್ತವಾಗಿತ್ತು. ತುಟಿ ಒಣಗಿ ಬಿಳಿಯಾಗಿತ್ತು. ಡಬ್ಬಿಯನ್ನು ಮಾತ್ರ ಎದೆಗೊತ್ತಿಕೊಂಡೇ ಇದ್ದಳು.

ನಾನು ಓಡಿಹೋಗಿ ತಬ್ಬಿಕೊಂಡೆ. ಅದು ನಿಜವಾದ ತಬ್ಬುಗೆಯೇ. ಆದರೆ ತಬ್ಬಿಕೊಂಡೇ ಅವಳ ಕೊರಳಿನಿಂದ ಚೀಲ ತೆಗೆದೆ, ದಾರ ಬಿಚ್ಚಿದೆ, ಡಬ್ಬಿಯನ್ನು ಮೇಡಂ ಕೈಗೆ ಕೊಟ್ಟು ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವಳು ಅಳುತ್ತಿದ್ದಳು, ನೋಡಲಿಲ್ಲ.

ಮೇಡಂ ಡಬ್ಬಿಯನ್ನು ಬಂಡೆಯ ಮೇಲಿಟ್ಟರು. ಇನ್ನೊಂದು ಡಬ್ಬಿಯನ್ನು ಸ್ವಲ್ಪ ದೂರದಲ್ಲಿಟ್ಟರು. ಎರಡು ಸೂಜಿಗಳೂ ಒಂದೇ ಕಡೆ ನಿಂತವು.

"ಡಬ್ಬಿ ಸರಿಯಾಗೇ ಇದೆಯಲ್ಲಮ್ಮ."

"ಮೇಡಂ, ಬಿಸಿಲು ಮುಖಕ್ಕೆ ಹೊಡೀಬೇಕಾಗಿತ್ತು. ಬಲಗೆನ್ನೆಗೆ ಹೊಡೀತಿತ್ತು. ನನಗೆ ಅನುಮಾನ ಬಂತು. ಆದ್ರೆ ನೀವು ಕಣ್ಣನ್ನ ನಂಬಬೇಡಿ, ಸೂಜೀನ ನಂಬಿ ಅಂದಿದ್ರಿ. ಸೂಜಿ ಹೇಳಿದಂಗೇ ಹೋದೆ ಮೇಡಂ."

ಮೇಡಂ ಕೆಟ್ಟವರಲ್ಲ. ಅವಳ ತಲೆ ಸವರಿದರು. "ಸೂಜಿ ಸುಳ್ಳು ಹೇಳಲ್ಲ. ನೀನೇ ಎಲ್ಲೋ ತಪ್ಪಾಗಿ ನೋಡಿದೀಯ. ಗಾಬರೀಲಿ ಆಗತ್ತೆ" ಎಂದರು. ತಂಗಿ ನನ್ನ ಕಡೆ ನೋಡಿದಳು. ನಾನು ಕಣದಲ್ಲಿ ಅವಳ ಅಭ್ಯಾಸ ಕಂಡವಳು, ಒಂದು ಮಾತು ಹೇಳುತ್ತೇನೆಂದು ನೋಡಿದಳೇನೋ. ನಾನು ಬಗ್ಗಿ ಅವಳ ಕಾಲಿನ ಮುಳ್ಳು ಕೀಳತೊಡಗಿದೆ.

ಕ್ಯಾಂಪಿಗೆ ಬೇರೆ ಇಬ್ಬರು ಹೋದರು. ಅಪ್ಪ ಒಂದು ಮಾತೂ ಬೈಯಲಿಲ್ಲ. ಸೋಮವಾರ ಬೆಳಿಗ್ಗೆ ತಂಗಿ ಬ್ಯಾಗು ತೆಗೆದುಕೊಂಡಾಗ, "ಸೊಪ್ಪು ಬಂದೈತೆ, ನಿಮ್ಮಕ್ಕನ ಜೊತೆ ಹಾಕು" ಎಂದ, ಅಷ್ಟೇ. ಅಮ್ಮ ಮಾತ್ರ ಊರೆಲ್ಲ ಹೇಳಿಕೊಂಡು ಬಂದಳು: ಕಬ್ಬಿಣ ಇದ್ದದ್ದಕ್ಕೆ ನಮ್ಮ ಹುಡುಗಿ ಜೀವಸಹಿತ ಬಂದಳು ಎಂದು. ಅದು ಕೇಳಿಸಿದರೂ ತಂಗಿ, ಮೂರು ತಿಂಗಳು ಸೊಂಟದಲ್ಲಿಟ್ಟುಕೊಂಡಿದ್ದ ಆ ಮೊಳೆಯ ಗುಣದ ಮಾತೆಂದು ತಿಳಿದಳು.

ಆಮೇಲೆ ನನಗೆ ಮಾಲೂರಿಗೆ ಮದುವೆಯಾಯಿತು. ನನ್ನ ಗಂಡ ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡು ಹಾಕುವ ಕೆಲಸದವರು. ತಂಗಿಯನ್ನು ಶ್ರೀನಿವಾಸಪುರದ ಕಡೆ ಒಂದು ಹಳ್ಳಿಗೆ ಕೊಟ್ಟರು. ಮಾವಿನ ತೋಪಿನ ಜನ, ಒಳ್ಳೆಯವರು. ಆದರೆ ತಂಗಿ ಒಬ್ಬಳೇ ಎಲ್ಲೂ ಹೋಗುತ್ತಿರಲಿಲ್ಲ. ನಮ್ಮ ಮನೆಗೆ ಬಂದರೆ ಬಸ್‌ಸ್ಟ್ಯಾಂಡಿನಲ್ಲೇ ನಿಂತಿರುತ್ತಿದ್ದಳು. ನಾನು ಹೋಗಿ ಕರೆತರಬೇಕು. "ನನಗೆ ದಿಕ್ಕು ಗೊತ್ತಾಗಲ್ಲ ಕಣಕ್ಕ, ಗೊತ್ತಲ್ಲ ನಿನಗೆ" ಎಂದು ನಗುತ್ತಿದ್ದಳು. ಅವಳು ಹಾಗೆ ನಕ್ಕಾಗಲೆಲ್ಲ ನನಗೆ ಟ್ರಂಕಿನ ತಳದಲ್ಲಿದ್ದ ಆ ಚೀಲ ನೆನಪಾಗುತ್ತಿತ್ತು. ಎಸೆಯಲು ಎಷ್ಟೋ ಸಲ ತೆಗೆದಿದ್ದೆ. ಎಸೆದರೆ ಇನ್ನು ಹೇಳುವುದೇ ಇಲ್ಲ ಎಂದು ಮತ್ತೆ ಇಡುತ್ತಿದ್ದೆ.

ಒಂದು ಸಲ ಅವಳು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಾಗ, ಅವಳ ಊರಿನ ಪಕ್ಕದ ಹಳ್ಳಿಯಲ್ಲಿ ಚಿಕ್ಕಮಕ್ಕಳ ಶಾಲೆಗೆ ಟೀಚರು ಬೇಕಂತೆ, ಒಂಬತ್ತರವರೆಗೆ ಓದಿದವರು ಸಾಕಂತೆ ಎಂದಳು.

"ಮತ್ತೆ ಹೋಗೇ."

"ಆಗಲ್ಲ ಅಂದುಬಿಟ್ಟೆ. ಮಧ್ಯೆ ಗುಡ್ಡ ಐತೆ ಅಕ್ಕ. ದಿನಾ ಒಬ್ಬಳೇ ದಾಟಬೇಕು. ನನ್ನಂಥೋಳು ಇನ್ನೆಲ್ಲಿಗೋ ಹೋಗಿ ಸೇರ್ತೀನಿ."

ನಾನು ಸೌಟು ಕೆಳಗಿಟ್ಟೆ. ಟ್ರಂಕು ತೆರೆದು ಚೀಲ ತಂದು ಅವಳ ಮುಂದೆ ಹೊಲಿಗೆ ಬಿಚ್ಚಿದೆ. ಲಾಳ ತುಕ್ಕು ಹಿಡಿದು ಬಟ್ಟೆಗೆ ಅಂಟಿಕೊಂಡಿತ್ತು. ಎಲ್ಲವನ್ನೂ ಹೇಳಿದೆ. ಗುಂಡಿನ ಎಡ ಬಲ, ನೀರು ಕುಡಿಯಬೇಕೆಂದದ್ದು, ತಬ್ಬಿಕೊಂಡು ದಾರ ಬಿಚ್ಚಿದ್ದು. ಹುಳುಮನೆಯ ಮಾತು ಮಾತ್ರ ಹೇಳಲಾಗಲಿಲ್ಲ.

ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಕಾದೆ. ಅವಳು ಲಾಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೇಳಿದಳು: "ಹಂಗಾದ್ರೆ ಬಿಸಿಲು ನಾನು ಅಂದ್ಕೊಂಡ ಕಡೇನೇ ಇತ್ತಾ?"

"ಇತ್ತು."

"ನನ್ನ ಕಣ್ಣು ಸರಿಯಾಗಿತ್ತಾ?"

"ಸರಿಯಾಗಿತ್ತು ಕಣೇ."

"ಅವತ್ತಿಂದ ನನ್ನ ಕಣ್ಣನ್ನ ನಾನೇ ನಂಬಿಲ್ಲ ಅಕ್ಕ" ಎಂದಳು. ಮಲಗಿದ್ದ ಮಗುವನ್ನು ಎಬ್ಬಿಸಿ ಎತ್ತಿಕೊಂಡು, ಸಾರು ಒಲೆಯ ಮೇಲೆ ಕುದಿಯುತ್ತಿರುವಾಗಲೇ ಹೊರಟಳು.

"ಇರೇ, ಬಸ್‌ಸ್ಟ್ಯಾಂಡಿಗೆ ನಾನು ಬರ್ತೀನಿ."

"ನೀನು ಬರಬೇಡ."

ಬಾಗಿಲಲ್ಲಿ ನಿಂತು ನೋಡಿದೆ. ಹೆಂಚಿನ ಕಾರ್ಖಾನೆಯ ಮಣ್ಣಿನ ಗುಡ್ಡೆಗಳು ಮುಗಿದ ಕಡೆ ದಾರಿ ಎರಡಾಗುತ್ತದೆ. ನಾನು ಯಾವಾಗಲೂ ಕರೆತರುತ್ತಿದ್ದದ್ದು ಎಡಗಡೆಯ ದಾರಿಯಿಂದ. ಅವಳು ಅಲ್ಲಿ ನಿಂತಳು. ತಲೆಯೆತ್ತಿದಳು, ಆಮೇಲೆ ತನ್ನ ನೆರಳನ್ನು ನೋಡಿದಳು. ಬಲಗಡೆಗೆ ತಿರುಗಿದಳು. ಗೂಡುಗಳ ಹಿಂದಿನ ಆ ದಾರಿಯಲ್ಲಿ ಅವಳು ಒಮ್ಮೆಯೂ ನಡೆದವಳಲ್ಲ. ಕೂಗಲು ಬಾಯಿ ತೆರೆದೆ. ಆ ದಾರಿಯೂ ಬಸ್‌ಸ್ಟ್ಯಾಂಡಿಗೇ ಹೋಗುತ್ತದೆ, ಇನ್ನೂ ಬೇಗ ಹೋಗುತ್ತದೆ ಎಂದು ನೆನಪಾಗುವಷ್ಟರಲ್ಲಿ ಅವಳು ಹೊಗೆಯಲ್ಲಿ ಮರೆಯಾಗಿದ್ದಳು. ತಿರುಗಿ ನೋಡಲಿಲ್ಲ.

ಬಹಳ ದಿನ ಸುದ್ದಿಯಿರಲಿಲ್ಲ. ಮನೆ ಮುಟ್ಟಿದಳೋ ಇಲ್ಲವೋ ಎಂದು ಶ್ರೀನಿವಾಸಪುರದ ಕಡೆಗೆ ಹೆಂಚು ತುಂಬಿಕೊಂಡು ಹೋಗುವ ಲಾರಿಯವರನ್ನೆಲ್ಲ ಕೇಳಿದೆ. ಕೊನೆಗೆ ಒಬ್ಬ ಡ್ರೈವರು, ಅವಳ ಊರಿನಲ್ಲೇ ಹೆಂಚು ಇಳಿಸಿ ಬಂದವನು, ಸುದ್ದಿ ತಂದ.

"ಚೆನ್ನಾಗವ್ರಮ್ಮ. ಗುಡ್ಡದ ಆಚೆ ಮಕ್ಕಳ ಶಾಲೇಗೆ ಟೀಚರಾಗವ್ರೆ. ದಿನಾ ಒಬ್ರೇ ಹೋಗಿ ಒಬ್ರೇ ಬರ್ತಾರಂತೆ."

"ನನಗೇನಾದ್ರೂ ಹೇಳಿ ಕಳಿಸಿದ್ಲಾ ಅಣ್ಣ?"

ಅವನು ಲಾರಿ ಹತ್ತುತ್ತಾ, "ಇಲ್ಲಮ್ಮ" ಎಂದ.

ಲಾರಿ ಹೋಯಿತು. ಒಬ್ಬಳೇ, ಗುಡ್ಡ, ಮಟಮಟ ಮಧ್ಯಾಹ್ನ. ನನಗೆ ಮೊದಲು ಬಂದ ಯೋಚನೆ ಏನೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಸೊಂಟದಲ್ಲಿ ಒಂದು ಚೂರು ಕಬ್ಬಿಣವಾದರೂ ಇಟ್ಟುಕೊಂಡು ಹೋಗುತ್ತಾಳೋ ಇಲ್ಲವೋ ಎಂದು.